ವಾರ್ನಿಷ್ ಹಚ್ಚಿದ ಪಿಂಗಾಣಿ

ಅರವತ್ತರ ದಶಕದಲ್ಲಿ ನಾನು ಸಾಗರದಲ್ಲಿ, ವಿದ್ಯುತ್ ಲೈನ್ ಎಳೆಯುವ ಗುತ್ತಿಗೆದಾರರೊಬ್ಬರ ಉಗ್ರಾಣದಲ್ಲಿದ್ದೆ. ಕಂಬದ ಮೇಲೆ ತಂತಿ ಕೂರಿಸುವ ಪಿಂಗಾಣಿ ಇನ್ಸುಲೇಟರುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಪಿಂಗಾಣಿಯ ಅರ್ಧ ಬಲ ಅದರ ಮೈಮೇಲಿನ ಗಾಜಿನಂಥ ಲೇಪದಲ್ಲಿರುತ್ತದೆ. ಗೂಡಿನಲ್ಲಿ ಸುಟ್ಟು ಆರುವಾಗ ಲೇಪ ಹೆಚ್ಚು ಕುಗ್ಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಕೆಂಪು ಶಾಯಿ ಹಚ್ಚಿ ಒರೆಸಿದರೆ ಮಾತ್ರ ಅದು ಕಾಣುತ್ತದೆ. ಮಳೆನೀರು ಅದರೊಳಗೆ ಇಳಿದರೆ ಕರೆಂಟು ತಂತಿಯಿಂದ ಕಂಬಕ್ಕೆ, ನೆಲಕ್ಕೆ ಸೋರುತ್ತದೆ.

ಆ ಬೇಸಿಗೆಯಲ್ಲಿ ಬಂದ ಸರಕಿನಲ್ಲಿ, ಪೆಟ್ಟಿಗೆ ಬಿಚ್ಚಿದಲ್ಲೆಲ್ಲ ಕೆಂಪು ಗೆರೆ. ಗುತ್ತಿಗೆದಾರರಿಗೆ ತೋರಿಸಿದೆ.

"ಮೇಲೊಂದು ಕೈ ವಾರ್ನಿಷ್ ಹೊಡೀರಿ. ಮಳೆ ಹಿಡಿಯೋದ್ರೊಳಗೆ ನಿಟ್ಟೂರಿಗೆ ಲೈನ್ ಮುಟ್ಬೇಕು."

"ವಾರ್ನಿಷ್ ಬಿಸಿಲಿಗೆ ಸುಲಿದು ಹೋಗ್ತದೆ ಸಾರ್. ವಾಪಸ್ ಕಳಿಸೋದೇ ಸರಿ."

"ಕೇಳಿಸ್ತು. ಹೊಡೀರಿ."

ಹೊಡೆದೆ. ಕೆಲಸ ಬಿಡುವ ಧೈರ್ಯ ನನಗಿರಲಿಲ್ಲ. ಕಂಬ ನೆಡಿಸುತ್ತಿದ್ದ ಲೈನ್ ಮೇಸ್ತ್ರಿ ಒಂದನ್ನು ಮೂಸಿ, "ಇದಕ್ಕೆಂತ ಹಚ್ಚೀರಿ?" ಎಂದರು. ಹೊಳಪಿಗೆ ಎಂದೆ. ಅವರು ಪೆಟ್ಟಿಗೆಗಳನ್ನು ಹೊರಿಸಿಕೊಂಡು ಹೋದರು.

ಮಳೆ ಹಿಡಿದ ಎರಡನೇ ವಾರ ಮೇಸ್ತ್ರಿ ಬಸ್ಸಿನಲ್ಲಿ ಸಾಗರಕ್ಕೆ ಬಂದರು. "ಕಂಬದ ಹತ್ರ ಹೋದ್ರೆ ಚುಂಯ್ ಅಂತದೆ. ನೆಲ ಕಾಲಿಗೆ ಕಚ್ತದೆ. ನೀವೇ ಬಂದು ನೋಡಿ."

ಮರುದಿನ ಬೆಳಿಗ್ಗೆ ಹೋದೆವು. ನಿಟ್ಟೂರು ಇನ್ನೂ ದೂರವಿರುವಾಗಲೇ ಕಬ್ಬಿಣದ ಕಂಬವೊಂದರ ಬುಡದಲ್ಲಿ ಎಮ್ಮೆ ಕಾಲು ಚಾಚಿ ಸತ್ತು ಬಿದ್ದಿತ್ತು. ಅದರ ಒಡತಿ ದೂರದಲ್ಲೇ ಹಗ್ಗ ಹಿಡಿದು ನಿಂತಿದ್ದಳು. "ಹತ್ರ ಬರ್ಬೇಡಿ ಅಮ್ಮಾ" ಎಂದು ಮೇಸ್ತ್ರಿ ಕೈ ಅಡ್ಡ ಹಿಡಿದರು.

ಲೈನ್ ಬಂದ್ ಮಾಡಿಸಿ ಮೇಸ್ತ್ರಿಯೇ ಹತ್ತಿ ಇನ್ಸುಲೇಟರು ಇಳಿಸಿ ತಂದರು. ವಾರ್ನಿಷ್ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು. ಒಳಗಿನ ಬಿರುಕು ಕರಿ ಹಿಡಿದಿತ್ತು. ನಾನು ಎಲ್ಲ ಹೇಳಿಬಿಟ್ಟೆ. ಅವರು ಎದ್ದ ವಾರ್ನಿಷನ್ನು ಉಗುರಿನಿಂದ ಕಿತ್ತು ಹಾಕಿದರು.

"ಇಂಥವು ಎಷ್ಟು ಕಂಬಕ್ಕೆ ಹೋಗಿದಾವೆ?"

"ಗೊತ್ತಿಲ್ಲ. ಹಳೇ ಸರಕಿನ ಒಳ್ಳೇದ್ರ ಜೊತೆ ಬೆರೆಸಿಬಿಟ್ಟಿದ್ವಿ."

ಹೊಸನಗರದಲ್ಲಿ ವಿದ್ಯುತ್ ಮಂಡಳಿಯ ಎಂಜಿನಿಯರಿಗೆ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ನಿಟ್ಟೂರಿನ ಲೈನ್ ನಿಂತಿತು, ಒಂದೊಂದೇ ಇನ್ಸುಲೇಟರು ಬದಲಾಯಿತು. ನನ್ನ ಕೆಲಸವೂ ಹೋಯಿತು. ಆದರೆ ಅದೇ ಸರಕಿನ ಒಂದಷ್ಟು ಪೆಟ್ಟಿಗೆ ಅದಾಗಲೇ ತೀರ್ಥಹಳ್ಳಿ ಕಡೆಯ ಲೈನಿಗೆ ಹೋಗಿತ್ತು. ಕೆಲವು ಸಿಕ್ಕವು, ಉಳಿದವು ಯಾವ ಕಂಬದಲ್ಲಿವೆಯೆಂದು ಯಾರಿಗೂ ತಿಳಿಯಲಿಲ್ಲ. ಮಳೆಗಾಲ ಮುಗಿಯುವವರೆಗೂ ಮೇಸ್ತ್ರಿ ಆ ದಾರಿಯಲ್ಲಿ ಕಂಬದಿಂದ ಕಂಬಕ್ಕೆ ನಡೆದರು. ಯಾರೂ ಕರೆಯದಿದ್ದರೂ ನಾನು ಹಿಂದೆ ಹೋದೆ. ಮಾರು ದೂರದಲ್ಲೇ ನಿಂತು ಆ ಚುಂಯ್ ಸದ್ದಿಗೆ ಕಿವಿಗೊಡುತ್ತಿದ್ದೆವು. ಮಳೆಯ ಸದ್ದಿನಲ್ಲಿ ಏನೂ ಬೇರೆಯಾಗಿ ಕೇಳಿಸುತ್ತಿರಲಿಲ್ಲ.