ಬನಶಂಕರಿಯಿಂದ ಇಳಕಲ್ಲಿಗೆ, ಬ್ರೇಕ್ ಮೇಲೆ ಕಾಲಿಟ್ಟು

ಕಿರ್‍ರ್… ಹಲಗೆಯ ಮೇಲೆ ಸೀಮೆಸುಣ್ಣ ಅಡ್ಡ ಬಿದ್ದು ಗೀಚಿದರೆ ಹಲ್ಲು ಜುಮ್ಮೆನ್ನುತ್ತದಲ್ಲ, ಅಂಥ ಸದ್ದು. ಬಾಗಲಕೋಟೆಯ ನವನಗರದಿಂದ ಹೊರಟ ಬೆಳಿಗ್ಗೆ ನಮ್ಮ ಕಾರಿನ ಮುಂದಿನ ಗಾಲಿಯಿಂದ ಬಂದದ್ದು ಇಂದಿಗೂ ಕಿವಿಯಲ್ಲಿದೆ. ಬ್ರೇಕ್ ಒತ್ತಿದಾಗಲಷ್ಟೇ ಬರುತ್ತಿತ್ತು. ಕಾಲು ತೆಗೆದರೆ ಸುಮ್ಮನಾಗುತ್ತಿತ್ತು.

"ವೈನಿ, ಗಾಲಿ ಅಳಾಕತ್ತೈತಲ್ಲ," ಎಂದಳು ಪಕ್ಕದಲ್ಲಿ ಕೂತಿದ್ದ ನನ್ನ ನಾದಿನಿ ಗಂಗವ್ವ.

"ಧೂಳ ಕುಂತಿರಬೇಕು," ಎಂದೆ. ನನ್ನ ಮಾತನ್ನು ನಾನೇ ನಂಬಿರಲಿಲ್ಲ.

ಕಾರು ನಮ್ಮ ಯಜಮಾನರದು. ಅವರು ಹೋದ ಮೇಲೆ ಪೋರ್ಟಿಕೋದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಡ್ರೈವಿಂಗ್ ನನಗೆ ಕಲಿಸಿದವರೂ ಅವರೇ, ನಾನು ರಿಟೈರ್ ಆದ ವರ್ಷ, ಸಾಲೆಯ ಖಾಲಿ ಗ್ರೌಂಡಿನಲ್ಲಿ. ಮಾರ್ಕೆಟ್ಟು, ಬ್ಯಾಂಕು ಬಿಟ್ಟರೆ ನಾನು ಎಲ್ಲಿಗೂ ಹೊಡೆದವಳಲ್ಲ. ಈಗ ಅವರ ತಂಗಿ ಗಂಗವ್ವ ಇಳಕಲ್ಲಿನ ಮಗಳ ಮನೆಗೆ ಇರಲು ಹೊರಟಿದ್ದಳು. ಮೊಣಕಾಲು ನೋವು, ಬಸ್ ಹತ್ತಲಾರಳು. ಹೋಗುವ ಮುನ್ನ ಬನಶಂಕರಿಯ ದರ್ಶನ ಒಮ್ಮೆ ಆಗಬೇಕೆಂದಳು. "ಐ ವಿಲ್ ಡ್ರಾಪ್ ಯೂ, ನಡಿ," ಎಂದುಬಿಟ್ಟೆ. ಚಹಾ ಕುಡಿಯುತ್ತ ಆಡುವಾಗ ಎಲ್ಲವೂ ಸುಲಭ.

ಬಾದಾಮಿ ಮೂವತ್ತೈದು ಕಿಲೋಮೀಟರ್ ಚಿಲ್ಲರೆ. ಊರು ಮುಟ್ಟುವ ಹೊತ್ತಿಗೆ ಆ ಸದ್ದು ನನ್ನ ಬೆನ್ನುಹುರಿಯಲ್ಲೇ ಇದ್ದಂತಿತ್ತು. ಸ್ಟೇಶನ್ ರಸ್ತೆಯ ಗ್ಯಾರೇಜಿನಲ್ಲಿ ದಾದಾಪೀರ ಎಂಬ ದಪ್ಪ ಮೀಸೆಯ ಮೆಕ್ಯಾನಿಕ್ ಗಾಲಿ ಬಿಚ್ಚಿದ. ಗಾಲಿಯ ಹಿಂದೆ ತಾಟಿನಷ್ಟಗಲದ ಉಕ್ಕಿನ ಬಿಲ್ಲೆ, ಅದೇ ಡಿಸ್ಕ್. ಅದನ್ನು ಎರಡೂ ಮಗ್ಗುಲಿನಿಂದ ಹಿಸುಕಿ ಹಿಡಿಯುವುವು ಪ್ಯಾಡುಗಳು.

"ನೋಡ್ರಿ ಅಕ್ಕಾರ, ಪ್ಯಾಡ್ ಸವದು ಬರೇ ತಗಡು ಉಳದೈತಿ. ಇದನ್ನ ನಂಬಿ ಇಲ್ಲಿತನಕ ಬಂದೀರಿ? ಭಾಳ ಧೈರ್ಯದ ಮಂದಿ ಬಿಡ್ರಿ."

ಡಿಸ್ಕಿನ ಅಂಚು ತುಕ್ಕು ಹಿಡಿದಿತ್ತು, ನಡುವೆ ಉಗುರು ಸಿಕ್ಕುವಷ್ಟು ಗೀರು. ಎಡಗಡೆಯದಷ್ಟೇ ಹಾಕಿದರೆ ಸಾಲದೇ ಎಂದು ಕೇಳಿದೆ.

"ಎರಡೂ ಕಡೆ ಕೂಡೇ ಹಾಕ್ಬೇಕ್ರಿ. ಇಲ್ಲಂದ್ರ ಒಂದು ಗಾಲಿ ಹಿಡಿತೈತಿ, ಒಂದು ಬಿಡ್ತೈತಿ. ಹಿಡದ ಕಡೆ ಗಾಡಿ ಎಳೀತೈತಿ."

ಸಾಮಾನು ಬಾಗಲಕೋಟೆಯಿಂದ ಬಸ್ಸಿನಲ್ಲಿ, ಕಂಡಕ್ಟರನ ಕಾಲಡಿ ಬಂತು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಕಂಪನಿಯವರು ಸವರಿದ್ದ ಎಣ್ಣೆಯನ್ನು ದಾದಾಪೀರ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದ. "ಒಂದು ಹನಿ ಎಣ್ಣಿ ಇದ್ರೂ ಬ್ರೇಕ್ ಹಿಡಿಯಂಗಿಲ್ರಿ," ಎಂದ. ಗಾಲಿ ಕೂರಿಸಿದ ಮೇಲೆ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿಸಿದ. ಹೊಸ ಪ್ಯಾಡು ಹೊಂದಿಕೊಳ್ಳುವ ತನಕ ಮೆಲ್ಲಗೆ ಹೊಡೆಯಿರೆಂದ. ಇಷ್ಟೆಲ್ಲ ಆಗುವಾಗ ಗಂಗವ್ವ ಎದುರಿನ ಅಂಗಡಿಯಲ್ಲಿ ಅರಿಷಿಣ-ಕುಂಕುಮ ಕೊಳ್ಳುತ್ತಿದ್ದಳು.

ರಾತ್ರಿ ಲಾಜಿನಲ್ಲಿದ್ದು ಮರುದಿನ ಬನಶಂಕರಿಯ ಗುಡಿಯಿರುವ ಚೊಳಚಗುಡ್ಡಕ್ಕೆ ಹೋದೆವು, ಐದೇ ಕಿಲೋಮೀಟರ್. ಕಾರು ಸದ್ದಿಲ್ಲದೆ ಬೆಣ್ಣೆಯ ಹಾಗೆ ನಿಂತಿತು. ಬನಶಂಕರಿಯ ದರ್ಶನ ಮುಗಿಸಿ, ಹೊಂಡದ ಬದಿಯಲ್ಲಿ ಬುಟ್ಟಿ ಇಟ್ಟು ಕೂತ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಉಂಡೆವು. ನಾನು ಕೈತೊಳೆದು ಬರುವುದರೊಳಗೆ ಗಂಗವ್ವ ಗಾಡಿಪೂಜೆ ಮುಗಿಸಿದ್ದಳು. ಬಾನೆಟ್ಟಿನ ಮೇಲೆ ಸೇವಂತಿಗೆ, ಗಾಲಿಯಡಿ ನಿಂಬೆಹಣ್ಣು. ಹಣ್ಣು ಚಪ್ಪಟೆ ಮಾಡಿಕೊಂಡು ಪಟ್ಟದಕಲ್ಲಿನ ದಾರಿ ಹಿಡಿದೆವು.

ಒಂದು ಇಳಿಜಾರು. ಮುಂದೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು, ಎದುರಿಗೆ ಕೆಂಪು ಬಸ್ಸು. ಬ್ರೇಕ್ ಒತ್ತಿದೆ. ಸ್ಟೀರಿಂಗನ್ನು ಯಾರೋ ಕೈಯಿಂದ ಕಿತ್ತುಕೊಂಡ ಹಾಗೆ ಕಾರು ಬಲಕ್ಕೆ, ಬಸ್ಸಿನ ಕಡೆಗೇ, ವಾಲಿತು. ಕಾಲು ತೆಗೆದೆ. ನೇರವಾಯಿತು, ಆದರೆ ಕಬ್ಬಿನ ತುದಿಗಳು ಗಾಜಿಗೇ ಬರುತ್ತಿದ್ದವು. ಮತ್ತೆ ಒತ್ತಿದೆ, ಮತ್ತೆ ಬಲಕ್ಕೆ. ಬಸ್ಸಿನ ಹಾರ್ನು ತಲೆಯೊಳಗೇ ಕೂಗಿದಂತಾಯಿತು. "ಬನಶಂಕರವ್ವಾ!" ಎಂದು ಗಂಗವ್ವ ಚೀರಿದಳು. ನನ್ನ ಬಾಯಿಗೆ ಬಂದದ್ದು ಸಣ್ಣವಳಿದ್ದಾಗ ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆ. ಅದೂ ಅರ್ಧಕ್ಕೇ ನಿಂತಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಡಕ್ಕೆ ತಿರುಗಿಸಿ ಜಾಲಿಕಂಟಿಯೊಳಗೆ ನುಗ್ಗಿಸಿದೆ. ಬಸ್ಸು ಗಾಳಿ ಬೀಸಿಕೊಂಡು ಹೋಯಿತು. ಎಷ್ಟು ಹೊತ್ತಾದರೂ ಸ್ಟೀರಿಂಗಿನಿಂದ ಬೆರಳು ಬಿಡಿಸಲಾಗಲಿಲ್ಲ.

ಟ್ರ್ಯಾಕ್ಟರಿನವನು ಇಳಿದು ಬಂದ. "ಅಕ್ಕಾರ, ಕಬ್ಬು ಬೇಕಂದ್ರ ಕೇಳ್ರಿ, ಕೊಡ್ತೇನಿ. ಹಿಂಗ ಗುದ್ದಾಕ ಬರೂದೇನ್ರಿ?" ನನ್ನ ಮುಖ ನೋಡಿ ನಗು ನಿಲ್ಲಿಸಿ ನೀರು ತಂದುಕೊಟ್ಟ.

ಫೋನ್ ಮಾಡಿದ ಮೇಲೆ ದಾದಾಪೀರ ಬೈಕಿನಲ್ಲಿ ಬಂದು ಎಡಗಾಲಿ ಬಿಚ್ಚಿದ. ಡಿಸ್ಕಿನ ತುಂಬ ಕೆಂಪು, ಹಳದಿ. ಪ್ಯಾಡು ಎಣ್ಣೆ ಕುಡಿದು ಮಿರುಗುತ್ತಿತ್ತು. ಗಂಗವ್ವ ದೀಪದೆಣ್ಣೆಯಲ್ಲಿ ಅರಿಷಿಣ-ಕುಂಕುಮ ಕಲಸಿ, ಗಾಲಿಯ ಸಂದಿಯೊಳಗೆ ಕೈತೂರಿಸಿ ಸವರಿದ್ದಳು.

"ಯವ್ವಾ, ಪೂಜಿ ಮಾಡೀರೋ ಏನ ಮಿರ್ಚಿ ಕರದೀರೋ?" ಎಂದ ದಾದಾಪೀರ.

"ಹೊಸಾದು ಯಾವ್ದೈತಿ ಪೂಜಿ ಅದಕ್ಕ ಆಗಬೇಕಲ್ಲೋ ತಮ್ಮಾ. ಟಾಯರ್ ಹಳೇವು," ಎಂದಳು.

"ಬಲಗಡೆ ಯಾಕ ಬಿಟ್ಟೀರಿ ಮತ್ತ?"

"ಆ ಕಡೆ ಗಟಾರ ಇತ್ತು. ಕುಂಡ್ರಾಕ ಬರಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಹೆದರಿಕೆ ಅದಕ್ಕೂ ಜಾಗ ಬಿಟ್ಟಿರಲಿಲ್ಲ. ದಾದಾಪೀರ ಡಿಸ್ಕ್ ಒರೆಸಿ, ಪ್ಯಾಡುಗಳನ್ನು ಮರಳುಕಾಗದದಿಂದ ತಿಕ್ಕಿದ. ಒಳಗೆ ಇಳಿದ ಎಣ್ಣೆ ಪೂರ್ತಿ ಹೋಗುವುದಿಲ್ಲ, ಇವತ್ತು ಇನ್ನೊಂದು ಸೆಟ್ ಸಿಗುವುದು ಇಳಕಲ್ಲಿನಲ್ಲೇ, ಎರಡನೇ ಗೇರಿನಲ್ಲಿ ತೆವಳಿಕೊಂಡು ಹೋಗಿ ಎಂದ. ಹಿಂದಕ್ಕೆ ಹೋಗೋಣವೇ ಎಂದರೆ ಹಿಂದೆ ಏರು, ಮರಳಿ ಬರುವಾಗ ಮತ್ತೆ ಅದೇ ಇಳಿಜಾರು.

ಮುಂದಿನ ದಾರಿಯನ್ನು ನಾನು ನೋಡಿದ್ದು ಕಾಲಿನಿಂದ. ಐಹೊಳೆಯ ಗುಡಿಗಳು ಬಂದವು, ಹೋದವು. ಅಮೀನಗಡದಲ್ಲಿ ಕರದಂಟು ಕೊಳ್ಳಲು ಇಳಿಯಲಿಲ್ಲ. ನಿಲ್ಲಿಸಿದರೆ ಮತ್ತೆ ಹೊರಡುವ ಧೈರ್ಯ ಬರುವುದಿಲ್ಲವೆಂದು ಗೊತ್ತಿತ್ತು. ಒಂದೊಂದು ರಸ್ತೆಯುಬ್ಬಿಗೂ ಮೊದಲೇ ಪೆಡಲ್ ಸವರುವೆ, ಕಾರು ಸ್ವಲ್ಪ ಬಲಕ್ಕೆ ಜಗ್ಗುವುದು, ಸ್ಟೀರಿಂಗನ್ನು ಎಡಕ್ಕೆ ಹಿಡಿಯುವೆ. ಗಂಗವ್ವ ಬಲಗೈಯ ಹೆಬ್ಬೆರಳನ್ನು ಸೆರಗಿನಿಂದ ತಿಕ್ಕುತ್ತಲೇ ಇದ್ದಳು.

"ಹಿಡೀತೇನ ವೈನಿ?"

"ಹಿಡೀತು."

ಇದೊಂದೇ ಮಾತುಕತೆ. ಹುನಗುಂದ ದಾಟಿ ಹೈವೇ ಹತ್ತಿದಾಗ ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿಯೊಂದು ಬೆನ್ನಿಗೇ ಬಂತು. ಅದರ ಬ್ರೇಕಿಗೆ ಯಾರು ಏನು ಹಚ್ಚಿದ್ದಾರೋ ಎಂಬ ಯೋಚನೆ ಬಂದು ಕಾರನ್ನು ಎಡಕ್ಕೆ ಸರಿಸಿದೆ. ಗಂಗವ್ವ ಕಿಟಕಿಯಿಂದ ಕೈ ಹಾಕಿ, "ಮುಂದ ಹೋಗೋ ಯಪ್ಪಾ, ನಮಗ ಅವಸರ ಇಲ್ಲ," ಎಂದು ಬೀಸಿದಳು. ಅದು ಹೋಯಿತು. ಸಂಜೆಗೆ ಇಳಕಲ್ ಸೇರಿ ಅವಳ ಮಗಳ ಮನೆಯ ಮುಂದೆ ಎಂಜಿನ್ ಆರಿಸಿದಾಗ ಇಬ್ಬರೂ ಇಳಿಯಲಿಲ್ಲ. ಅವಳು ಗೇರಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

ಮರುದಿನ ಎರಡೂ ಕಡೆಯ ಪ್ಯಾಡುಗಳು ಹೊಸವಾದವು. ನಾನು ಹೊರಟಾಗ ಗಂಗವ್ವ ಕುಂಕುಮದ ಬಟ್ಟಲು ಹಿಡಿದು ಗೇಟಿಗೆ ಬಂದಳು.

"ಪ್ಲೀಸ್, ಗಾಲಿಗೆ ಬ್ಯಾಡ ಗಂಗವ್ವ," ಎಂದೆ.

"ಗಾಲಿ ಮುಟ್ಟಂಗಿಲ್ಲ, ನಿನ್ನಾಣಿ."

ಕಿಟಕಿಯೊಳಗೆ ಕೈ ಚಾಚಿ ಅವಳು ನನ್ನ ಹಣೆಗಿಟ್ಟಳು. ಅವಳ ಅಣ್ಣ ಹೋದಂದಿನಿಂದ ನನ್ನ ಹಣೆಗೆ ಯಾರೂ ಕುಂಕುಮ ಇಟ್ಟಿರಲಿಲ್ಲ. ನಾನು ಬೆಚ್ಚಿ ಹಿಂದೆ ಸರಿದೆ.

"ಅಂಜಬ್ಯಾಡ," ಎಂದಳು. "ಇದರಾಗ ಎಣ್ಣಿ ಹಾಕಿಲ್ಲ."

ಓಣಿಯ ಕೊನೆಯಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿದೆ. ಕಾರು ಎಡಕ್ಕೂ ಬಲಕ್ಕೂ ಹೋಗದೆ ನೆಟ್ಟಗೆ ನಿಂತಿತು. ತಿರುಗಿ ನೋಡಿದೆ. ಗಂಗವ್ವ ಗೇಟಿಗೆ ಒರಗಿ, ಹಿಡೀತೇ ಎಂಬಂತೆ ಗದ್ದ ಎತ್ತಿದಳು. ಹಿಡೀತು ಎಂದು ತಲೆಯಾಡಿಸಿದೆ. ನಾನು ಅವಳನ್ನು ಜೀವಂತ ಕಂಡದ್ದು ಅದೇ ಕಡೆಯ ಸಲ.