ಲಕೋಟೆ ಕಾರ್ಖಾನೆಯ ಕಬ್ಬಿಣದ ಬಾಗಿಲು

ನಮ್ಮ ದೊಡ್ಡಪ್ಪ ಮೂವತ್ತೈದು ವರ್ಷ ಬೀಗ ರಿಪೇರಿ ಮಾಡಿದರು, ಆಮೇಲೆ ಇಪ್ಪತ್ತೈದು ವರ್ಷ ದೆವ್ವ ತೋರಿಸಿದರು. ಎರಡಕ್ಕೂ ಒಂದೇ ಚರ್ಮದ ಚೀಲ. ಹಳೇ ಪೇಟೆಯಲ್ಲಿ ಅವರು ತೆಗೆಯದ ಬೀಗವಿರಲಿಲ್ಲ, ಹಾಗಾಗಿ ಕಾಲಿಡದ ಮನೆಯೂ ಇರಲಿಲ್ಲ. ಬೀಗದವನು ಬಗ್ಗಿ ಕೂತು ಕೆಲಸ ಮಾಡುವಾಗ ಮನೆಯವರು ಪಕ್ಕದಲ್ಲಿ ನಿಂತು ಏನಾದರೂ ಹೇಳುತ್ತಲೇ ಇರುತ್ತಾರಂತೆ. ಹಾಗೆ ಕಿವಿಗೆ ಬಿದ್ದದ್ದನ್ನೆಲ್ಲ ವಯಸ್ಸಾದ ಮೇಲೆ ಒಂದು ಪ್ರವಾಸದ ಕಂಪನಿ ಸೇರಿ, ಪ್ರವಾಸಿಗರನ್ನು ಪೇಟೆಯ ಬೀದಿಗಳಲ್ಲಿ ನಡೆಸುತ್ತಾ ಹೇಳತೊಡಗಿದರು. ಪೇಟೆಯವರು ಅವರಿಗೆ ‘ದೆವ್ವದ ಮೇಷ್ಟ್ರು’ ಎಂದು ಹೆಸರಿಟ್ಟರು.

ಅವರ ನಡಿಗೆ ಸಂಜೆ ಐದಕ್ಕೇ ಶುರು. ರಾತ್ರಿ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, “ದೆವ್ವಗಳಿಗೇನೂ ತೊಂದರೆ ಇಲ್ಲಪ್ಪ, ನನಗೇ ಮೆಟ್ಟಿಲು ಕಾಣಲ್ಲ” ಅನ್ನುತ್ತಿದ್ದರು. ನಾನು ಅವರ ತಮ್ಮನ ಮಗಳು. ರಜೆಯ ದಿನ ಸಾಲಿನ ಕೊನೆಯಲ್ಲಿ ನಡೆದು, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಈ ಕಸುಬಿಗೆ ಅವರೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದರು. ಸತ್ತವರಿಗಾಗಿ ಅಳುವವರು ಒಬ್ಬರಾದರೂ ಉಳಿದಿದ್ದರೆ ಅವರ ಕಥೆ ಹೇಳಬಾರದು. “ಅಳೋರು ಇರೋ ತನಕ ಅವರು ಮನೆಯವರ ಸ್ವತ್ತು, ಆಮೇಲೆ ಬೇಕಾದ್ರೆ ನಮ್ಮವರು” ಎಂದು ನನಗೆ ಮೊದಲ ದಿನವೇ ಹೇಳಿದ್ದರು. ಈ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಹಾಗಂತ ನಾವೆಲ್ಲ ನಂಬಿದ್ದೆವು, ಅವರೂ ನಂಬಿದ್ದರು.

ನಡಿಗೆಯ ಕೊನೆಯ ಜಾಗ ಮುಚ್ಚಿಹೋದ ಲಕೋಟೆ ಕಾರ್ಖಾನೆಯ ಅಂಗಳ. ಅಲ್ಲಿ ಸುಟ್ಟ ಗೋದಾಮು, ಅದಕ್ಕೆ ಅರ್ಧ ತೆರೆದು ತುಕ್ಕು ಹಿಡಿದು ನಿಂತ ಕಬ್ಬಿಣದ ಬಾಗಿಲು. ಅಂಟು ಹಚ್ಚುವ ಕೆಲಸದ ಹುಡುಗಿಯೊಬ್ಬಳು ಮೇಸ್ತ್ರಿಯನ್ನು ಮೆಚ್ಚಿದಳು, ಅವನು ಕೈಕೊಟ್ಟ, ಅವಳು ಒಳಗಿಂದ ಚಿಲಕ ಹಾಕಿಕೊಂಡು ಕಾಗದದ ರಾಶಿಗೆ ಬೆಂಕಿ ಇಟ್ಟುಕೊಂಡಳು. ಇದು ಕಥೆ. ದೊಡ್ಡಪ್ಪ ಈ ಪೇಟೆಗೆ ಬರುವ ಮೊದಲೇ ನಡೆದದ್ದು. ಆ ಮನೆಯವರು ಊರು ಬಿಟ್ಟರು, ಈಗ ಯಾರೂ ಉಳಿದಿಲ್ಲ ಎಂದು ಪೇಟೆಯವರು ಹೇಳಿದ್ದನ್ನು ಅವರು ನಂಬಿದರು. ಕಥೆ ಮುಗಿಸಿ ಬೀಗದ ಕೈಯಿಂದ ಆ ಬಾಗಿಲನ್ನು ಮೂರು ಸಲ ಕುಟ್ಟುತ್ತಿದ್ದರು. ಜನ ಕಿರುಚುತ್ತಿದ್ದರು, ಆಮೇಲೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಡಿಗೆ ಶುರುವಾದ ಹತ್ತೊಂಬತ್ತನೇ ವರ್ಷ, ಒಂದು ಸಂಜೆ, ಕಿರುಚಾಟ ಮುಗಿದ ಮೇಲೆ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಮುಂದೆ ಬಂದರು.

“ನೀವು ಮೊದಲು ಏನು ಕೆಲಸ ಮಾಡ್ತಿದ್ರಿ ಅಂದ್ರಿ?”

“ಬೀಗದ ಕೆಲಸ, ಅಮ್ಮ.”

“ಹಾಗಾದ್ರೆ ಈ ಬಾಗಿಲಿಗೆ ಒಳಗಡೆ ಚಿಲಕ ಎಲ್ಲಿತ್ತು, ತೋರಿಸಿ.”

ದೊಡ್ಡಪ್ಪ ನಗುತ್ತಲೇ ಒಳಗೆ ಹೋದರು. ಬಾಗಿಲಿನ ಒಳಮೈಯನ್ನು ಮೇಲಿಂದ ಕೆಳಗೆ ಬೆರಳಲ್ಲಿ ಸವರಿದರು, ಕನ್ನಡಕ ಹಾಕಿಕೊಂಡು ಮತ್ತೆ ಸವರಿದರು. ಒಂದು ತೂತಿಲ್ಲ, ಮೊಳೆ ಹೊಡೆದ ಗುರುತಿಲ್ಲ, ಬೆಸುಗೆಯ ಕಲೆಯೂ ಇಲ್ಲ. ಹೊರಗಡೆ ಮಾತ್ರ ಹೆಬ್ಬೆರಳಿನಷ್ಟು ದಪ್ಪದ ಚಿಲಕ, ಬೀಗ ಹಾಕುವ ಕೊಂಡಿ. ಮೂವತ್ತೈದು ವರ್ಷ ಬಾಗಿಲುಗಳನ್ನೇ ನೋಡಿದ ಮನುಷ್ಯ ಈ ಒಂದು ಬಾಗಿಲನ್ನು ನೋಡಿರಲಿಲ್ಲ. ಹೊರಗೆ ಬಂದು ಕನ್ನಡಕ ತೆಗೆದರು.

“ಅವಳು ನಮ್ಮಕ್ಕ” ಎಂದರು ಆಕೆ. “ಕಾಗದ ಕದೀತಾರೆ ಅಂತ ಯಜಮಾನರು ಹೊರಗಿಂದ ಬೀಗ ಹಾಕಿಸ್ತಿದ್ರು. ಬೆಂಕಿ ಬಿದ್ದಾಗ ಬೀಗದ ಕೈ ಅವರ ಜೇಬಲ್ಲಿತ್ತು. ಮಾರನೇ ದಿನವೇ ಈ ಮೇಸ್ತ್ರಿ ಕಥೆ ಹುಟ್ಟಿಸಿದ್ರು. ನಮ್ಮಮ್ಮ ತಲೆ ಎತ್ತಿಕೊಂಡು ಓಡಾಡೋಕಾಗದೆ ಊರು ಬಿಟ್ಟಳು. ಸಾಯೋ ತನಕ ಮನೇಲಿ ಅಕ್ಕನ ಹೆಸರು ಎತ್ತೋಕೆ ಬಿಡಲಿಲ್ಲ. ಅಮ್ಮ ಕೂಡ ಅದನ್ನ ನಂಬಿಬಿಟ್ಟಿದ್ಲು, ಸ್ವಾಮಿ.”

ದೊಡ್ಡಪ್ಪ ಬಾಗಿಲು ಕುಟ್ಟಿದ್ದ ಬೀಗದ ಕೈಯನ್ನು ಚೀಲದೊಳಗೆ ಹಾಕಿದರು. ನನಗೆ ಅವರ ಮೇಲೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಸಾವಿರಾರು ಜನರ ಮುಂದೆ ಆ ಹುಡುಗಿಯ ಮಾನ ಕಳೆದವರು ನನ್ನ ದೊಡ್ಡಪ್ಪ, ಹಿಂದೆ ನಿಂತು ನಕ್ಕವಳು ನಾನು.

ಮರುದಿನದಿಂದ ಅವರು ನಿಜ ಹೇಳತೊಡಗಿದರು. ಕುಟ್ಟುವುದನ್ನು ಬಿಟ್ಟರು. ಒಬ್ಬೊಬ್ಬರನ್ನೂ ಒಳಗೆ ಕರೆದು ಬಾಗಿಲಿನ ಒಳಮೈ ಮುಟ್ಟಿಸಿದರು. ಯಾರೂ ಕಿರುಚಲಿಲ್ಲ. ದುಡ್ಡು ಕೊಟ್ಟು ಬಂದವರು ಮುಖ ಸಪ್ಪಗೆ ಮಾಡಿಕೊಂಡು ಹೋದರು. ಕೊನೆಯ ಕಥೆಯಲ್ಲಿ ದೆವ್ವವೇ ಇಲ್ಲ ಎಂದು ಪ್ರವಾಸದ ಕಂಪನಿಗೆ ದೂರು ಹೋಯಿತು, ಮ್ಯಾನೇಜರ್ ಆ ಜಾಗವನ್ನೇ ನಡಿಗೆಯಿಂದ ತೆಗೆದುಹಾಕಿದ.

ದೊಡ್ಡಪ್ಪ ಜಗಳಕ್ಕೆ ಹೋಗಲಿಲ್ಲ. ನಡಿಗೆ ಮುಗಿದ ಮೇಲೆ, “ಮನಸ್ಸಿದ್ದೋರು ಇನ್ನೂರು ಹೆಜ್ಜೆ ನನ್ನ ಜೊತೆ ಬನ್ನಿ. ಅಲ್ಲಿ ದೆವ್ವ ಇಲ್ಲ, ಒಬ್ಬ ಹೆಣ್ಣುಮಗಳ ಕಥೆ ಇದೆ, ನಾನು ಅದನ್ನ ತಪ್ಪಾಗಿ ಹೇಳಿದ್ದೆ” ಅನ್ನುತ್ತಿದ್ದರು. ಕೆಲವು ದಿನ ನಾಲ್ಕು ಜನ ಬರುತ್ತಿದ್ದರು, ಕೆಲವು ದಿನ ಯಾರೂ ಇಲ್ಲ. ಯಾರೂ ಬಾರದ ದಿನ ಒಬ್ಬರೇ ಹೋಗಿ ಬಾಗಿಲ ಮುಂದೆ ನಿಂತು ಬರುತ್ತಿದ್ದರು.

“ಖಾಲಿ ಅಂಗಳಕ್ಕೆ ಯಾಕೆ ಹೋಗ್ತೀರಿ ದೊಡ್ಡಪ್ಪ?” ಎಂದು ಒಮ್ಮೆ ಕೇಳಿದೆ.

“ಸುಳ್ಳು ಹೇಳೋಕೆ ಒಂದು ದಿನಾನೂ ತಪ್ಪಿಸಿರಲಿಲ್ಲ ಕಣಮ್ಮ” ಎಂದರು.

ಎರಡು ವರ್ಷದ ಮೇಲೆ ಆ ತಂಗಿ ಮತ್ತೆ ಬಂದರು. ಕೊನೆಯವರೆಗೂ ಕೇಳಿಸಿಕೊಂಡರು. ಒಳಗೆ ಹೋಗಿ ಬಾಗಿಲಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತರು. “ಅಮ್ಮ ಇದ್ದಿದ್ರೆ ಕೈ ಹಿಡ್ಕೊಂಡು ಕರ್ಕೊಂಡು ಬರ್ತಿದ್ದೆ” ಎಂದರು. ದೊಡ್ಡಪ್ಪ ಕೈ ಮುಗಿದರು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಈಗ ನಡಿಗೆ ನನ್ನದು. ಮೊನ್ನೆ ಮ್ಯಾನೇಜರ್ ಒಂದು ಹಾಳೆ ಹಿಡಿದು ಬಂದ. ಮೆಟ್ಟಿಲ ಬೀದಿಯಲ್ಲಿ ದೆವ್ವದ ಮೇಷ್ಟ್ರ ಬೀಗದ ಕೈಗಳ ಸದ್ದು ಕೇಳಿಸುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದಾರಂತೆ, ಅದನ್ನೂ ಸೇರಿಸಬೇಕಂತೆ.

“ಆಗಲ್ಲ. ಅಳೋರು ಇನ್ನೂ ಇದ್ದಾರೆ” ಎಂದೆ.

“ಯಾರಿದ್ದಾರೆ?”

ನಾನು ಕಣ್ಣೊರೆಸಿಕೊಂಡೆ. ಅವನು ನನ್ನ ಮುಖ ನೋಡಿ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ.

ಆ ಸಂಜೆ ಇನ್ನೂರು ಹೆಜ್ಜೆಗೆ ಮೂವರು ಬಂದರು. ಒಬ್ಬಾಕೆ ಬಾಗಿಲಿನ ಒಳಮೈ ಸವರುತ್ತಾ ಚಿಲಕ ಹುಡುಕುತ್ತಲೇ ಇದ್ದಳು, ಕೈ ತೆಗೆಯಲೊಲ್ಲಳು.

“ಇಲ್ಲ ಅಲ್ವಾ?” ಎಂದಳು.

“ಇಲ್ಲಮ್ಮ,” ಎಂದೆ, “ಇರಲೇ ಇಲ್ಲ.”