ಅಡುಗೆಯವನಿಗೆ ಎಂತ ಚಳಿ

ಆ ಕಾಲದಲ್ಲಿ ವಾಮಂಜೂರಿಗೂ ಚಳಿಗಾಲ ಎಂಬುದೊಂದು ಇತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಮಂಗಳೂರಿನಲ್ಲಿ ಎಂತ ಚಳಿ ಮಾರಾಯ್ತಿ ಎಂದು ಫ್ಯಾನನ್ನು ಇನ್ನೂ ಜೋರು ಮಾಡುತ್ತಾರೆ. ಆದರೆ ಇತ್ತು. ಬಚ್ಚಲ ಕಿಟಕಿಯಲ್ಲಿಟ್ಟ ತೆಂಗಿನೆಣ್ಣೆ ಬಾಟಲಿಯೊಳಗೇ ಬೆಳ್ಳಗೆ ಗಟ್ಟಿಯಾಗಿ, ಬೆಳಗ್ಗೆ ತಲೆಗೆ ಹಾಕಬೇಕಾದರೆ ಕಡ್ಡಿ ಹಾಕಿ ಕೆದಕಬೇಕಾಗುತ್ತಿತ್ತು. ಚಳಿ ಬಂತು ಎನ್ನಲು ನಮ್ಮ ಅಜ್ಜಿಗೆ ಅಷ್ಟೇ ಸಾಕು. ಎಣ್ಣೆ ಗಟ್ಟಿಯಾಯಿತು, ಇನ್ನು ಮಕ್ಕಳನ್ನು ಒಲೆ ಬುಡದಲ್ಲಿ ಕೂರಿಸಿ ಎಂದು ಅವರು ಅಪ್ಪಣೆ ಕೊಟ್ಟ ಮೇಲೆಯೇ ನಮಗೆ ಚಳಿಯಾಗಲು ಶುರುವಾಗುತ್ತಿತ್ತು.

ಕೊಯ್ಲು ಮುಗಿದ ಗದ್ದೆಯ ಮೇಲೆ ಬೆಳಗ್ಗೆ ಮಂಜು ಕೂತಿರುತ್ತಿತ್ತು. ನಾನೂ ತಮ್ಮನೂ ಗದ್ದೆಯಂಚಿನ ಕಟ್ಟಪುಣಿಯ ಮೇಲೆ ನಿಂತು, ಎರಡು ಬೆರಳ ನಡುವೆ ಹುಲ್ಲಿನ ಕಡ್ಡಿ ಹಿಡಿದು, ಬಾಯಿಂದ ಹೊಗೆ ಬಿಟ್ಟು ಬೀಡಿ ಸೇದುವ ಆಟ ಆಡುತ್ತಿದ್ದೆವು. ಬಚ್ಚಲ ಹಂಡೆಯ ಕೆಂಡದಲ್ಲಿ ಗೆಣಸು ಹುಗಿದಿಟ್ಟರೆ ಮಿಂದು ಮುಗಿಯುವಷ್ಟರಲ್ಲಿ ಬೆಂದಿರುತ್ತಿತ್ತು. ಸುಟ್ಟ ಸಿಪ್ಪೆಯ ವಾಸನೆ, ತೆಂಗಿನ ಮಡಲಿನ ಹೊಗೆಯ ವಾಸನೆ ಶಾಲೆಯ ಯೂನಿಫಾರ್ಮಿಗೂ ಹತ್ತಿಕೊಳ್ಳುತ್ತಿತ್ತು. ಕೈ ಮರಗಟ್ಟಿತು ಎಂದು ಯಾರಾದರೂ ಅಂದರೆ ಅಜ್ಜಿಯ ಮದ್ದು ಒಂದೇ: ಎಣ್ಣೆ ತಿಕ್ಕಿ ಬೆಂಕಿಗೆ ಹಿಡಿ. ಅವರಿಗೆ ಅದನ್ನು ಅವರ ಅಮ್ಮ ಹೇಳಿಕೊಟ್ಟದ್ದು. ನಮ್ಮೂರಿನ ಚಳಿಗೆ ಅದು ಸರಿಯಾದ ಮದ್ದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಇದನ್ನೇ ಒಂದು ಅಪರಾಧವನ್ನಾಗಿ ಮಾಡಿದವರಿದ್ದಾರೆ.

ಜಗ್ಗು ಮಾವ ನನ್ನ ಅಮ್ಮನ ತಮ್ಮ. ಕುಲಶೇಖರದ ಒಂದು ಹೋಟೆಲಿನಲ್ಲಿ ಅಡುಗೆಗೆ ಇದ್ದರು. ನೀರುದೋಸೆಯನ್ನು ಕಾವಲಿಯಿಂದ ಬರಿಗೈಯಲ್ಲೇ ಎತ್ತುತ್ತಿದ್ದರು, ಸಟ್ಟುಗ ಮುಟ್ಟುತ್ತಿರಲಿಲ್ಲ. ಅಂಚನ್ನು ಉಗುರಿನಿಂದ ಬಿಡಿಸಿ, ಬೆರಳ ತುದಿಯಲ್ಲಿ ಮಡಚಿ, ಕಾವಲಿಯಿಂದ ನೇರವಾಗಿ ನಮ್ಮ ಬಟ್ಟಲಿಗೆ ಹಾಕುತ್ತಿದ್ದರು. ಸುಡುವುದಿಲ್ಲವೇ ಎಂದು ಕೇಳಿದರೆ, ನನ್ನ ಬೆರಳಿಗೂ ಬಿಸಿಗೂ ಗುರ್ತ ಉಂಟು, ಅದು ನನಗೆ ಎಂತ ಮಾಡುವುದಿಲ್ಲ ಎನ್ನುತ್ತಿದ್ದರು. ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಒಬ್ಬ ಕಂಟ್ರಾಕ್ಟರ್ ಮನೆಗೆ ಬಂದ. ಬಂದರು ಎಂದು ಬರೆಯುವುದು ಮರ್ಯಾದೆ, ಆದರೆ ಈ ಮನುಷ್ಯನ ವಿಷಯದಲ್ಲಿ ನನ್ನಿಂದ ಆಗುವುದಿಲ್ಲ. ದೂರದ ಹಿಮಾಲಯದಲ್ಲಿ ಬೆಟ್ಟ ಕೊರೆದು ಸುರಂಗ ಮಾಡುವ ಕ್ಯಾಂಪೊಂದರ ಕ್ಯಾಂಟೀನನ್ನು ಅವನು ವಹಿಸಿಕೊಂಡಿದ್ದ. ಅಲ್ಲಿ ನಮ್ಮ ಕಡೆಯ ಇಂಜಿನಿಯರುಗಳಿದ್ದರು. ಅವರಿಗೆ ಕುಚ್ಚಲಕ್ಕಿ ಅನ್ನವೇ ಆಗಬೇಕು, ಅದನ್ನು ಬೇಯಿಸಲು ನಮ್ಮ ಕಡೆಯವನೇ ಆಗಬೇಕು. ಒಂದು ಚಳಿಗಾಲ ಅಲ್ಲಿ ನಡೆಸಿಕೊಡು, ಊರಿನಲ್ಲಿ ನಾನು ಕಟ್ಟಿಸುತ್ತಿರುವ ಹೋಟೆಲಿನ ಅಡುಗೆ ಕೋಣೆ ಪೂರ್ತಿ ನಿನ್ನ ಕೈಗೆ ಎಂದು ಮಾವನಿಗೆ ಮಾತು ಕೊಟ್ಟ. ಇನ್ನೊಬ್ಬರ ಕೈಕೆಳಗೆ ವರ್ಷಗಟ್ಟಲೆ ಅರೆದು ಕಡೆದು ಬೇಸತ್ತಿದ್ದ ಮಾವನಿಗೆ ಅದಕ್ಕಿಂತ ದೊಡ್ಡ ಮಾತು ಬೇರೆ ಇರಲಿಲ್ಲ. ಅಲ್ಲಿ ಚಳಿ ಎಷ್ಟಿದೆ ಎಂದು ಅಜ್ಜಿ ಕೇಳಿದರು. ನಮ್ಮ ಮಡಿಕೇರಿಗಿಂತ ಒಂದಿಷ್ಟು ಜಾಸ್ತಿ ಅಂದುಕೊಳ್ಳಿ ಎಂದ ಅವನು. ಅಜ್ಜಿ ಮಡಿಕೇರಿಯನ್ನೂ ನೋಡಿದವರಲ್ಲ.

ಹಾಗಾಗಿ ಅವರು ತಮಗೆ ಗೊತ್ತಿದ್ದ ಚಳಿಗೆ ತಕ್ಕಂತೆ ಮಗನನ್ನು ಸಜ್ಜು ಮಾಡಿದರು. ಒಂದು ಮಂಕಿ ಟೋಪಿ, ಒಂದು ಸ್ವೆಟರ್, ಕರಿಮೆಣಸು, ದೊಡ್ಡ ಬಾಟಲಿಯಲ್ಲಿ ತೆಂಗಿನೆಣ್ಣೆ. ಹೊರಡುವಾಗ ಅಂಗಳದಲ್ಲಿ ಮತ್ತೊಮ್ಮೆ ಹೇಳಿದರು: ಕೈ ಮರಗಟ್ಟಿದರೆ ಎಣ್ಣೆ ತಿಕ್ಕಿ ಬೆಂಕಿಗೆ ಹಿಡಿ, ಉದಾಸೀನ ಮಾಡಬೇಡ. ಮಾವ ಆಯ್ತಮ್ಮ ಎಂದು ನಕ್ಕರು.

ನನಗಂತೂ ಆ ಚಳಿಗಾಲ ಮೆರೆಯುವ ಕಾಲವಾಯಿತು. ನಮ್ಮ ಮಾವ ಹಿಮದಲ್ಲಿದ್ದಾರೆ ಎಂದು ಶಾಲೆಯಿಡೀ ಹೇಳಿಕೊಂಡು ಬಂದೆ. ಹಿಮ ಅಂದರೆ ನಮಗೆ ಗೊತ್ತಿದ್ದದ್ದು ಪಕ್ಕದ ಬ್ಯಾರಿಗಳ ಮನೆಗೆ ಗಲ್ಫಿನಿಂದ ಬಂದಿದ್ದ ಫ್ರಿಜ್ಜಿನೊಳಗಿನ ಬಿಳಿ. ಆ ಮನೆಯ ಜಮೀಲಾ ನನ್ನ ಕ್ಲಾಸಿನವಳು. ಅವಳ ಉಮ್ಮ ಅತ್ತ ಹೋದಾಗ ನಾವಿಬ್ಬರೂ ಆ ಬಿಳಿಯನ್ನು ಚಮಚದಲ್ಲಿ ಕೆರೆದು, ಸಕ್ಕರೆ ಉದುರಿಸಿ ತಿನ್ನುತ್ತಿದ್ದೆವು. ಅದಕ್ಕೆ ಮೀನಿನ ವಾಸನೆ ಇರುತ್ತಿತ್ತು. ನಿಮ್ಮ ಮಾವ ಇದರಲ್ಲಿ ನಡೆಯುತ್ತಾರಾ ಎಂದು ಅವಳು ಕೇಳಿದಾಗ ಹೆಮ್ಮೆಯಿಂದ ಹೌದು ಎಂದಿದ್ದೆ.

ಗದ್ದೆಯ ಮಂಜು ಇನ್ನೂ ಬಿಟ್ಟಿರಲಿಲ್ಲ, ಆಗಲೇ ಮಾವ ತಿರುಗಿ ಬಂದರು. ಚಳಿಗಾಲ ಮುಗಿಯುವ ತನಕ ಅಲ್ಲಿರಬೇಕಾಗಿದ್ದವರು. ಎರಡೂ ಕೈಗೆ ಬಿಳಿ ಬಟ್ಟೆ ಸುತ್ತಿತ್ತು. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆಯಲು ಚೆಂಬು ಎತ್ತಲಾಗದೆ ಹಾಗೇ ನಿಂತರು. ಬಟ್ಟೆ ಬಿಚ್ಚಿದ ಮೇಲೆ ನೋಡಿದೆವು. ಬಲಗೈಯ ಮೂರು ಬೆರಳು ಅರ್ಧಕ್ಕೇ ನಿಂತಿದ್ದವು, ಎಡಗೈಯಲ್ಲಿ ಎರಡು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು. ಅಜ್ಜಿ ಮಾತ್ರ ಆ ಕೈಗಳನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂತರು. ಚಳಿಗೆ ಹೋಯಿತು ಅಮ್ಮ, ಅಲ್ಲಿ ಹಾಗೆ ಆಗುವುದುಂಟಂತೆ ಎಂದಷ್ಟೇ ಮಾವ ಹೇಳಿದರು.

ಅವರಿಗೆ ನೀರು ಹೊಯ್ಯುವ ಕೆಲಸ ನನ್ನದಾಯಿತು. ಹಂಡೆಯ ಮುಂದೆ ಕೂತು ಬೆಳಗ್ಗೆ ಬೆಳಗ್ಗೆ ಅವರು ನನಗೆ ಒಂದೊಂದಾಗಿ ಹೇಳಿದರು. ಹಿಮ ಮೊದಲ ಎರಡು ದಿನ ನೋಡಲು ಚಂದವಂತೆ. ಮತ್ತೆ ಬರೀ ಕೆಲಸ. ನಲ್ಲಿ ಕಟ್ಟಿಹೋಗುತ್ತದೆ, ಡ್ರಮ್ಮಿನ ನೀರು ಕಲ್ಲಾಗುತ್ತದೆ. ಅದನ್ನು ಒಡೆದು, ಅಡಿಯ ನೀರು ಮೊಗೆದು, ಹೊರಗೆ ಗಾಳಿಯಲ್ಲಿ ಕೂತು ಅಕ್ಕಿ ತೊಳೆಯಬೇಕು. ಕುಚ್ಚಲಕ್ಕಿಯನ್ನು ಒಂದು ಸಲ ತೊಳೆದರೆ ಸಾಕಾಗುತ್ತದೆಯೇ? ಹುಡಿ ಹೋಗುವ ತನಕ, ನೀರು ತಿಳಿಯಾಗುವ ತನಕ ತಿಕ್ಕಿ ತಿಕ್ಕಿ ತೊಳೆಯಬೇಕು. ಇಡೀ ಕ್ಯಾಂಪಿಗೆ ಬೇಕಾಗುವಷ್ಟು ಅಕ್ಕಿ. ಸುರಂಗದವರಿಗೆ ಅವರ ಕಂಪೆನಿ ದಪ್ಪ ಕೋಟು, ಬೂಟು, ಕೈಗವಸು ಎಲ್ಲ ಕೊಟ್ಟಿತ್ತು. ಕ್ಯಾಂಟೀನಿನವರಿಗೆ ಕೊಡಬೇಕಾದವನು ಕಂಟ್ರಾಕ್ಟರ್. ಕಂಬಳಿಯೊಂದನ್ನು ಬಿಟ್ಟರೆ ಅವನು ಏನೂ ಕೊಟ್ಟಿರಲಿಲ್ಲ.

ಒಂದು ಬೆಳಗ್ಗೆ ಅಕ್ಕಿ ತೊಳೆದು ಎದ್ದಾಗ ಬೆರಳುಗಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಒಂದಕ್ಕೊಂದು ತಾಗಿದರೆ ಕಡ್ಡಿ ತಾಗಿದ ಸದ್ದು. ಮಾವ ಒಳಗೆ ಬಂದು, ಕಲ್ಲಾಗಿದ್ದ ಎಣ್ಣೆಯನ್ನು ಕರಗಿಸಿ ಗಸಗಸ ತಿಕ್ಕಿ, ಕೈಗಳನ್ನು ಒಲೆಗೆ ಹಿಡಿದರು. ಬಿಸಿ ಗೊತ್ತಾಗಲಿಲ್ಲ. ಇನ್ನೂ ಹತ್ತಿರ ಹಿಡಿದರು. ಆಗಲೂ ಗೊತ್ತಾಗಲಿಲ್ಲ. ವಾಸನೆ ಬಂದ ಮೇಲೆ ಪಕ್ಕದವನು ಕೈ ಹಿಡಿದು ಎಳೆದನಂತೆ. ಮರಗಟ್ಟಿದ ಕೈಯನ್ನು ಅಲ್ಲಿಯವರು ಕಂಕುಳಲ್ಲಿ ಅಡಗಿಸಿ ಮೆಲ್ಲಗೆ ಬಿಸಿ ಮಾಡುತ್ತಾರಂತೆ, ತಿಕ್ಕುವುದೂ ಇಲ್ಲ, ಬೆಂಕಿಗೆ ಹಿಡಿಯುವುದೂ ಇಲ್ಲ. ಅದನ್ನು ಮಾವನಿಗೆ ಹೇಳಿದವರು ಯಾರೂ ಇರಲಿಲ್ಲ. ದಾರಿ ಹಿಮದಲ್ಲಿ ಮುಚ್ಚಿತ್ತು. ದೊಡ್ಡ ಆಸ್ಪತ್ರೆಗೆ ತಲುಪುವಾಗ ಬೆರಳುಗಳು ಕಪ್ಪಾಗಿದ್ದವು.

ಇಷ್ಟು ಹೇಳಿ ಮಾವ ನನ್ನ ಮುಖ ನೋಡಿದರು. "ಒಲೆಗೆ ಹಿಡಿದದ್ದು ಅಜ್ಜಿಗೆ ಹೇಳ್ಬೇಡ ಆಯ್ತಾ. ಬರೀ ಚಳಿಗೆ ಹೋದದ್ದು ಅಂತ ಇರ್ಲಿ. ಗೊತ್ತಾದ್ರೆ ಅವರು ತಡ್ಕೊಳ್ಳುದಿಲ್ಲ."

ನಾನು ಹೇಳಲಿಲ್ಲ. ಅಷ್ಟು ಸಣ್ಣವಳಾದರೂ ಅದರ ಭಾರ ನನಗೆ ಅರ್ಥವಾಗಿತ್ತು. ಅಜ್ಜಿ ಬೆಳಗ್ಗೆ ಮಾವನ ಪಕ್ಕ ಕೂತು ಬೆಂಕಿಗೆ ಕೈ ಚಾಚುವಾಗಲೆಲ್ಲ ನಾನು ಅತ್ತ ನೋಡದೆ ಹಂಡೆಯಿಂದ ನೀರು ಮೊಗೆಯುತ್ತಿದ್ದೆ.

ಕಂಟ್ರಾಕ್ಟರ್ ಒಂದು ಮಧ್ಯಾಹ್ನ ಬಂದ. ಕಾರಿನಿಂದ ಆ್ಯಪಲಿನ ಮರದ ಪೆಟ್ಟಿಗೆಯೊಂದನ್ನು ಇಳಿಸಿದ. ಆಗೆಲ್ಲ ನಮ್ಮ ಮನೆಗೆ ಆ್ಯಪಲ್ ಬರುತ್ತಿದ್ದದ್ದು ಜ್ವರ ಬಂದರೆ ಮಾತ್ರ, ಅದೂ ಒಂದೋ ಎರಡೋ. ಪೆಟ್ಟಿಗೆಯೊಳಗಿನ ಹುಲ್ಲಿನಿಂದ ಬಂದ ಪರಿಮಳಕ್ಕೆ ತಮ್ಮ ಅದರ ಪಕ್ಕದಿಂದ ಏಳಲೇ ಇಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅಜ್ಜಿ ತಾವೇ ಬಟ್ಟಲಲ್ಲಿ ಬೆಲ್ಲವಿಟ್ಟು ತಂದುಕೊಟ್ಟರು. ಅವನು ಒಂದು ತುಂಡು ಬಾಯಿಗೆ ಹಾಕಿಕೊಂಡ. ಮಾವ ಕೈಗಳನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿಕೊಂಡು ಕಂಬಕ್ಕೆ ಒರಗಿ ನಿಂತಿದ್ದರು. ಆ ಅಡುಗೆ ಕೋಣೆಯ ಮಾತು ಅವನ ಬಾಯಿಂದ ಬರುತ್ತದೋ ಎಂದು ನಾವೆಲ್ಲರೂ ಕಾಯುತ್ತಿದ್ದೆವು.

ಬಂತು. ಹೋಟೆಲು ಬರುವ ತಿಂಗಳು ಶುರುವಾಗುತ್ತದೆ, ಆದರೆ ಈ ಕೈ ನೋಡಿದರೆ ಗಿರಾಕಿಗಳು ತಿನ್ನುವುದಿಲ್ಲ, ಬೇಕಾದರೆ ಗೇಟಿನಲ್ಲಿ ಕಾರು ನಿಲ್ಲಿಸುವ ಕೆಲಸ ಕೊಡುತ್ತೇನೆ ಎಂದ. ಎಷ್ಟು ಸಲೀಸಾಗಿ ಎಂದರೆ, ಬೆಲ್ಲ ಇನ್ನೂ ಅವನ ಬಾಯಲ್ಲಿ ಕರಗಿರಲಿಲ್ಲ. ಅಜ್ಜಿ, ಇದು ನಿಮ್ಮ ಕೆಲಸದಲ್ಲಿ ಆದದ್ದಲ್ಲವೇ ಎಂದು ಕೇಳಿದರು. ಆಗ ಅವನು ಅಜ್ಜಿಯ ಕಡೆಗೇ ತಿರುಗಿದ.

"ನನ್ನ ತಪ್ಪು ಎಂತ ಉಂಟು ಅಮ್ಮ? ಇವ್ನೇ ಒಲೆಗೆ ಕೈ ಹಿಡ್ದು ಸುಟ್ಕೊಂಡದ್ದು. ಅಲ್ಲಿ ಯಾರೂ ಹಾಗೆ ಮಾಡುದಿಲ್ಲ. ಮನೆಯಲ್ಲಿ ಯಾರೋ ಹೇಳಿಕೊಟ್ಟದ್ದಂತೆ."

ಅಜ್ಜಿಯ ಮುಖವನ್ನು ನಾನು ನೋಡಿದೆ. ಅವರು ಮಾವನತ್ತ ತಿರುಗಿದರು. ಮಾವ ನೆಲ ನೋಡುತ್ತಿದ್ದರು. ಅಷ್ಟರಲ್ಲೇ ಅಜ್ಜಿಗೆ ಎಲ್ಲ ತಿಳಿದುಹೋಯಿತು. ಕಂಟ್ರಾಕ್ಟರನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಕೈಗೆ ಹಾಕುವಂಥದ್ದು ಎಂತಾದ್ರೂ ಕೊಟ್ಟಿದ್ರಾ ನೀವು?"

"ಅಡುಗೆಯವನಿಗೆ ಎಂತ ಚಳಿ ಅಮ್ಮ? ಒಲೆ ಬುಡದಲ್ಲೇ ಇರ್ತಾನಲ್ವಾ."

ಅಜ್ಜಿ ಬೆಲ್ಲದ ಬಟ್ಟಲನ್ನೂ ನೀರಿನ ಚೆಂಬನ್ನೂ ಅವನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದರು. ನಮ್ಮ ಮನೆಯ ಇತಿಹಾಸದಲ್ಲಿ ಯಾರ ಮುಂದಿನಿಂದಲೂ ಹಾಗೆ ಎತ್ತಿದ್ದಿಲ್ಲ. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದ. ಕಾರಿನ ಸದ್ದು ಅಡಗುವ ಮೊದಲೇ ಅಜ್ಜಿ ಹೊರಗೆ ಬಂದು ಆ ಪೆಟ್ಟಿಗೆಯನ್ನು ಹಟ್ಟಿಗೆ ಎಳೆದುಕೊಂಡು ಹೋಗಿ ದನದ ಬಾನಿಗೆ ಸುರಿದರು. ತಮ್ಮ ಹೊರಳಾಡಿ ಅತ್ತ. ದನ ಆ ಕೆಂಪು ಹಣ್ಣುಗಳನ್ನು ಕಟುಕಟು ಅಗಿದು ತಿನ್ನುವುದನ್ನು ನಾನು ನೋಡುತ್ತಾ ನಿಂತೆ. ನನಗೆ ಒಂದೂ ಬೇಕೆನಿಸಲಿಲ್ಲ.

ಹಣ್ಣು ಹೋದರೆ ಹೋಯಿತು. ಅವನು ಬಿಟ್ಟುಹೋದ ಆ ಮಾತು ಮಾತ್ರ ಮನೆಯಿಂದ ಹೋಗಲಿಲ್ಲ. ಅಂದಿನಿಂದ ಅಜ್ಜಿ ಬೆಂಕಿಗೆ ಕೈ ಹಿಡಿಯಲಿಲ್ಲ. ಬಚ್ಚಲಿಗೆ ಬಂದರೆ ಬಾಗಿಲ ಹತ್ತಿರವೇ ನಿಂತು ಬಿಸಿನೀರು ತೆಗೆದುಕೊಂಡು ಹೋಗುತ್ತಿದ್ದರು. ಮಾವ ಬೇಡಿಕೊಂಡರು, ಅಮ್ಮ ಬೈದರು, ಯಾವುದೂ ನಡೆಯಲಿಲ್ಲ. ಮಕ್ಕಳಿಗೆ ನೆಗಡಿಯಾದರೂ ಮದ್ದು ಹೇಳುತ್ತಿರಲಿಲ್ಲ, ಡಾಕ್ಟರನ್ನು ಕೇಳಿ ಎನ್ನುತ್ತಿದ್ದರು. ಊರಿಗೆಲ್ಲ ಮದ್ದು ಹೇಳುತ್ತಿದ್ದ ಹೆಂಗಸು ತೀರಿಕೊಳ್ಳುವ ತನಕ ಹಾಗೇ ಇದ್ದರು. ಒಂದು ಜೊತೆ ಕೈಗವಸಿಗೆ ಕೈಬಿಚ್ಚದ ಆ ಮನುಷ್ಯ ತನ್ನ ತಪ್ಪನ್ನು ನೀಟಾಗಿ ಮಡಚಿ ಒಬ್ಬ ಮುದುಕಿಯ ಮಡಿಲಿಗೆ ಹಾಕಿ ಹೋದ. ಊರವರೂ ಅದನ್ನೇ ನಂಬಿದರು. ಪಾಪ, ಹಳೆ ಕಾಲದವರು, ಗೊತ್ತಿಲ್ಲದೆ ಹೇಳಿದ್ದು ಎಂದು ಸಮಾಧಾನದ ದನಿಯಲ್ಲಿ ಹೇಳುತ್ತಿದ್ದರು. ಆ ಸಮಾಧಾನ ಕೇಳಿದಾಗ ನನಗೆ ಬರುತ್ತಿದ್ದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಹೋಟೆಲು ಶುರುವಾಯಿತು, ಚೆನ್ನಾಗಿಯೇ ನಡೆಯಿತು. ಮಾವ ಅದರ ಗೇಟಿಗೆ ಹೋಗಲಿಲ್ಲ. ಆದರೆ ಶಕ್ತಿನಗರದ ಒಂದು ಫ್ಲ್ಯಾಟಿನ ಗೇಟಿಗೆ ಹೋಗಬೇಕಾಯಿತು. ವಾಚ್‌ಮನ್ನಿನ ಕುರ್ಚಿಯಲ್ಲೇ ಅವರ ವಯಸ್ಸು ಕಳೆಯಿತು. ಈಗ ನಮ್ಮೊಂದಿಗೇ ಇದ್ದಾರೆ. ನನ್ನ ಮಗಳಿಗೂ ಅವರಿಗೂ ಬಹಳ ದೋಸ್ತಿ.

ಈ ಡಿಸೆಂಬರಿನಲ್ಲಿ ನಗರದ ಎಕ್ಸಿಬಿಷನ್ನಿಗೆ ಹಿಮದ ಟೆಂಟೊಂದು ಬಂತು. ಹೊರಗೆ ಬನಿಯನ್ ಒದ್ದೆಯಾಗುವ ಸೆಕೆ, ಒಳಗೆ ಯಂತ್ರದಲ್ಲಿ ಮಾಡಿದ ಹಿಮ. ನನಗೆ ಅತ್ತ ಮುಖ ಹಾಕುವ ಮನಸ್ಸಿರಲಿಲ್ಲ, ಆದರೆ ಮಗಳು ಮಾವನನ್ನು ಒಪ್ಪಿಸಿಬಿಟ್ಟಿದ್ದಳು. ಬಾಗಿಲಿನಲ್ಲಿ ಎಲ್ಲರಿಗೂ ಕೋಟು, ಬೂಟು, ಕೈಗವಸು ಕೊಡುತ್ತಿದ್ದರು. ಅರ್ಧ ಗಂಟೆಯ ಆಟಕ್ಕೆ. ಮಾವ ತನಗೆ ಗ್ಲೌಸ್ ಬೇಡ ಎಂದರು.

"ಗ್ಲೌಸ್ ಇಲ್ಲದೆ ಯಾರನ್ನೂ ಒಳಗೆ ಬಿಡ್ಲಿಕ್ಕಿಲ್ಲ ಅಜ್ಜ," ಎಂದ ಅಲ್ಲಿದ್ದ ನಡುವಯಸ್ಸಿನ ಮನುಷ್ಯ. "ಕೈಗೆ ಎಂತಾದ್ರೂ ಆದ್ರೆ ಯಾರು ನೋಡುದು?"

ಅವನೇ ಮಾವನ ಕೈ ಹಿಡಿದು ಗವಸು ತೊಡಿಸಲು ಹೋದ. ಬೆರಳು ಇರಬೇಕಾದ ಕಡೆ ಬಟ್ಟೆ ಟೊಳ್ಳಾಗಿ ಮಡಚಿಕೊಂಡಿತು. ಇದು ಎಲ್ಲಿ ಆದದ್ದು ಎಂದು ಮೆಲ್ಲಗೆ ಕೇಳಿದ.

"ಅಡುಗೆ ಕೋಣೆಯಲ್ಲಿ," ಎಂದರು ಮಾವ. "ನನ್ನದೇ ತಪ್ಪು. ಒಲೆಗೆ ಹಿಡಿದದ್ದು."

ನಮ್ಮ ಊರಿನ ಚಳಿ ಹೋಯಿತು, ಗದ್ದೆಗಳ ಮೇಲೆ ಕಾಲೇಜುಗಳೂ ಮನೆಗಳೂ ಎದ್ದವು. ಅದಕ್ಕೆಲ್ಲ ಅಳುವವರು ಬೇಕಾದಷ್ಟು ಮಂದಿ ಇದ್ದಾರೆ, ಅವರು ಅಳಲಿ. ನನ್ನ ಮಾವನ ಬೆರಳು ಹೋಯಿತು, ಅಡುಗೆ ಹೋಯಿತು. ಆ ಬೆರಳನ್ನು ಯಾರು ತೆಗೆದರು ಎಂದು ಹೇಳುವ ಬಾಯಿಯೂ ಹೋಗಿದೆ ಎಂಬುದು ನನಗೆ ಆ ಟೆಂಟಿನ ಬಾಗಿಲಲ್ಲಿ ಗೊತ್ತಾಯಿತು. ಅಜ್ಜಿಗೆ ಗೊತ್ತಾಗಬಾರದು ಎಂದು ಒಂದು ಕಾಲದಲ್ಲಿ ಅವರು ಮುಚ್ಚಿಟ್ಟ ಸಂಗತಿ ಈಗ ಅವರೇ ಒಪ್ಪಿಕೊಂಡ ತಪ್ಪಾಗಿ ಕೂತಿದೆ.

"ಅಲ್ಲ," ಎಂದೆ ನಾನು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಎಂದೆ. "ಹಿಮದಲ್ಲಿ ಆದದ್ದು. ಇವರಿಗೆ ಯಾರೂ ಗ್ಲೌಸ್ ಕೊಡ್ಲಿಲ್ಲ."

ಮಾವ ನನ್ನತ್ತ ನೋಡಲಿಲ್ಲ. ಮಗಳು ಅವರ ಕೈ ಹಿಡಿದುಕೊಂಡು ನಿಂತಿದ್ದಳು. ಯಾರು ಕೊಡಲಿಲ್ಲ ಎಂದು ಅವಳು ಕೇಳಿದಳು. ನಾನು ಅವನ ಹೆಸರು ಹೇಳಿದೆ.